ಮಾಳಮ್ಮ ಕೈಮುಗಿದ ಬಾಗಿಲು

ಇಲ್ಲದ ಯಂತ್ರವೊಂದನ್ನು ಇದೆ ಎಂದು ಹೇಳಿ ನಾನು ಒಬ್ಬ ಮುದುಕಿಯ ಮನೆಯ ಬೀಜವನ್ನೆಲ್ಲ ತಂದೆ. ತಂದ ಬೀಜವನ್ನು ಕೊಂದೆ. ಕೊಂದ ಮೇಲೆ ಪೇಟೆಯಿಂದ ಬೇರೆ ಜೋಳ ತಂದು, ಆಕೆಯ ಬಟ್ಟೆಯಲ್ಲೇ ಗಂಟು ಕಟ್ಟಿ, ಇದು ನಿನ್ನದೇ ಎಂದು ಆಕೆಯ ಕೈಗೆ ಕೊಟ್ಟೆ. ಆಕೆ ನಂಬಿದಳು. ನಂಬಿ ಬಿತ್ತಿದಳು —

ಮುಂದಿನದನ್ನು ಒಂದೇ ಉಸಿರಿನಲ್ಲಿ ಹೇಳಲು ನನ್ನಿಂದ ಆಗುತ್ತಿಲ್ಲ. ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದವನಿಗೆ ಈಗ ಮಾತು ಸಲೀಸಾಗಿ ಬಂದರೆ ಅದೂ ಒಂದು ನಾಟಕವೇ ಆದೀತು. ನಿಧಾನವಾಗಿ ಹೇಳುತ್ತೇನೆ. ನಡುವೆ ನನಗೇ ನನ್ನ ಮೇಲೆ ಸಿಟ್ಟು ಬಂದು ಮಾತು ತಪ್ಪಿದರೆ ಸಹಿಸಿಕೊಳ್ಳಿ.

ನಾನು ರಾಯಚೂರಿನಲ್ಲಿ ಬೀಜಗಳ ಮೇಲೆ ಸಂಶೋಧನೆ ಮಾಡುವವನು. ಕೇಳಲು ದೊಡ್ಡ ಮಾತು, ಕೆಲಸ ಇಷ್ಟೇ. ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ತಳಿಗಳನ್ನು ಹುಡುಕಿ ತರುವುದು, ಬೆಳೆದು ನೋಡುವುದು, ಕೂಡಿಡುವುದು. ಈ ಕೂಡಿಡುವುದರಲ್ಲೇ ನಮ್ಮ ಬಡತನವೆಲ್ಲ ಇತ್ತು. ಬೀಜ ಜೀವಂತ ಉಳಿಯಬೇಕಾದರೆ ತಂಪು ಬೇಕು, ಒಣಗಾಳಿ ಬೇಕು, ಎರಡೂ ಒಂದು ದಿನವೂ ತಪ್ಪಬಾರದು. ಅದಕ್ಕೆಂದೇ ಒಂದು ಯಂತ್ರ ಇರುತ್ತದೆ — ಆಳೆತ್ತರದ ಕಪಾಟು, ಒಳಗೆ ಹಿಮದಂಥ ಚಳಿ, ಕರೆಂಟು ಹೋದರೆ ತಾನಾಗಿಯೇ ಶುರುವಾಗುವ ಜನರೇಟರು. ಅಂಥದ್ದರಲ್ಲಿ ಇಟ್ಟ ಜೋಳ ಮೊಮ್ಮಕ್ಕಳ ಕಾಲಕ್ಕೂ ಮೊಳೆಯುತ್ತದೆ. ನಮ್ಮಲ್ಲಿ ಇದ್ದದ್ದು ಒಂದು ಹಳೆಯ ಫ್ರಿಜ್ಜು. ಅದರ ಬಾಗಿಲಿನಲ್ಲಿ ಚಹಾದ ಹಾಲೂ ಇರುತ್ತಿತ್ತು.

ಇಲ್ಲದ ಯಂತ್ರಗಳ ಮಾತು ನಮ್ಮಂಥವರಿಗೆ ಚಹಾದ ಜೊತೆಗಿನ ಚೂಡಾ ಇದ್ದಂತೆ, ಅದಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ಮಣ್ಣಿನ ವಿಭಾಗದ ಖಾದರ್, ನನ್ನ ಗೆಳೆಯ, ಮಣ್ಣಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ಕೂತಲ್ಲೇ ತೋರಿಸುವ ಯಂತ್ರಕ್ಕಾಗಿ ಹಂಬಲಿಸುತ್ತಿದ್ದ. ಅದಿಲ್ಲದೆ ಅವನು ಮಣ್ಣಿನ ಪೊಟ್ಟಣಗಳನ್ನು ಬೇರೆ ಊರಿಗೆ ಕಳಿಸಿ, ಉತ್ತರಕ್ಕಾಗಿ ಬಾಣಂತನಕ್ಕೆ ಹೋದ ಹೆಂಡತಿಯನ್ನು ಕಾಯುವಂತೆ ಕಾಯುತ್ತಿದ್ದ. ನಾನು ನನ್ನ ಯಂತ್ರದ ಚಿತ್ರವನ್ನು ಕಂಪನಿಯ ಪುಸ್ತಕದಿಂದ ಕತ್ತರಿಸಿ ಮೇಜಿನ ಮೇಲುಗಡೆ ಗೋಡೆಗೆ ಅಂಟಿಸಿದ್ದೆ. ಖಾದರ್ ಬಂದಾಗೆಲ್ಲ ಅದನ್ನು ನೋಡಿ, "ಇವತ್ತು ಶುಕ್ರವಾರ ಅದ, ಊದಿನಕಡ್ಡಿ ಹಚ್ಚಿಲ್ಲೇನಪಾ?" ಎಂದು ಕಾಡಿಸುತ್ತಿದ್ದ. ನಗುತ್ತಿದ್ದೆವು. ನಗುವುದು ಬಿಟ್ಟು ಬೇರೇನು ಮಾಡುವುದು? ತಾರಸಿ ಹತ್ತಿದರೆ ಶಕ್ತಿನಗರದ ಚಿಮಣಿಗಳ ಹೊಗೆ ಕಾಣುತ್ತದೆ, ನಾಡಿಗೆಲ್ಲ ಕರೆಂಟು ಅಲ್ಲಿಂದ ಹೋಗುತ್ತದೆ, ಕೆಳಗಿಳಿದು ಬಂದರೆ ನಮ್ಮ ಫ್ರಿಜ್ಜು ತಣ್ಣಗೆ ಸತ್ತು ಬಿದ್ದಿರುತ್ತಿತ್ತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಅದು ನಮ್ಮದೇ ಬುಡ.

ಪ್ರತಿ ವರ್ಷ ಯಂತ್ರ ಕೇಳುತ್ತಿದ್ದೆ. ಪ್ರತಿ ವರ್ಷ ಮೇಲಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು — ಇಷ್ಟು ದೊಡ್ಡ ಯಂತ್ರದಲ್ಲಿ ಇಡುವಂಥದ್ದು ನಿಮ್ಮ ಹತ್ತಿರ ಏನಿದೆ? ಆ ಪ್ರಶ್ನೆ ನನ್ನನ್ನು ಕೆಡಿಸಿತು. ಇಲ್ಲ, ಪ್ರಶ್ನೆಯ ಮೇಲೇಕೆ ಹಾಕಲಿ? ನಾನೇ ಕೆಟ್ಟೆ. ಬೀಜ ಉಳಿಸುವುದಕ್ಕೆ ಯಂತ್ರ ಬೇಕು ಎಂದು ಶುರು ಮಾಡಿದವನು, ಯಂತ್ರ ತರಿಸುವುದಕ್ಕೆ ಬೀಜ ಬೇಕು ಎಂಬಲ್ಲಿಗೆ ಬಂದು ನಿಂತಿದ್ದೆ. ಯಾವಾಗ ತಿರುಗಿಕೊಂಡೆ ಎಂದು ನನಗೂ ಗೊತ್ತಾಗಲಿಲ್ಲ.

ಅದೇ ಹೊತ್ತಿಗೆ ಮಾಳಮ್ಮ ಸಿಕ್ಕಳು.

ದೇವದುರ್ಗದಿಂದ ಕೃಷ್ಣೆಯ ಕಡೆಗೆ ಹೋಗುವ ದಾರಿಯಲ್ಲಿ ಆಕೆಯ ಊರು. ಹೆಸರು ಬರೆಯುವುದಿಲ್ಲ, ಆ ಊರಿನವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಕುರಿ ಸಾಕುವ ಮನೆತನ. ಮಕ್ಕಳು ಕುರಿ ಹೊಡೆದುಕೊಂಡು ದೂರ ದೂರದ ಹೊಲಗಳಿಗೆ ಹೋಗುತ್ತಿದ್ದರು, ಮಾಳಮ್ಮ ಮನೆ ಮತ್ತು ಹೊಲ ನೋಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಒಂದು ಹಿಂಗಾರಿ ಜೋಳದ ತಳಿ ಇತ್ತು. ಬೆಲ್ಲದಂಟು ಎಂದು ಕರೆಯುತ್ತಿದ್ದರು. ಕಾಳು ನೋಡಿದರೆ ಎಲ್ಲ ಬಿಳಿಜೋಳದಂತೆಯೇ. ದಂಟು ಮಾತ್ರ ಕಬ್ಬಿನಂತೆ ಸಿಹಿ, ಕುರಿಗಳು ಬುಡದವರೆಗೂ ಬಿಡದೆ ತಿನ್ನುತ್ತಿದ್ದವು. ರೊಟ್ಟಿ ಮಾರನೆಯ ದಿನವೂ ಮುರಿಯದೆ ಮಡಚಿಕೊಳ್ಳುತ್ತಿತ್ತು. ಮಳೆ ಕೈಕೊಟ್ಟರೂ ಇಬ್ಬನಿ ಕುಡಿದೇ ತೆನೆ ಬಿಡುತ್ತಿತ್ತು. ಈಗ ಹೀಗೆ "ತ್ತಿತ್ತು, ತ್ತಿತ್ತು" ಎಂದು ಬರೆಯುವಂತಾದದ್ದು ನನ್ನಿಂದಲೇ.

ಆ ಊರಿನಲ್ಲಿ ಒಂದು ಪದ್ಧತಿ. ಬೆಲ್ಲದಂಟಿನ ಬೀಜವನ್ನು ಎಲ್ಲರೂ ಇಟ್ಟುಕೊಳ್ಳುವುದಿಲ್ಲ. ಒಂದೇ ಮನೆ ಇಡುತ್ತದೆ. ಅದನ್ನು ಬೀಜದ ಮನಿ ಎನ್ನುತ್ತಾರೆ. ಬಿತ್ತನೆಗೆ ಮುಂಚೆ ಹೆಂಗಸರು ಆ ಮನೆಗೆ ಬರಬೇಕು, ಆ ಮನೆಯ ಹಿರಿಯಳು ಮೊದಲ ಹಿಡಿಯನ್ನು ಅವರ ಉಡಿಯಲ್ಲಿ ಹಾಕಬೇಕು, ಆಮೇಲೆ ಉಳಿದದ್ದನ್ನು ಅಳೆದುಕೊಂಡು ಒಯ್ಯುವುದು. ಸುಗ್ಗಿ ಮುಗಿದ ಮೇಲೆ ತಂದದ್ದಕ್ಕಿಂತ ಒಂದು ಹಿಡಿ ಹೆಚ್ಚು ಮರಳಿಸುವುದು. ಮಾಳಮ್ಮನ ಅತ್ತೆಯ ಕೈಯಿಂದ ಆ ಹಿಡಿ ಮಾಳಮ್ಮನ ಕೈಗೆ ಬಂದಿತ್ತು. ಹಿತ್ತಲಲ್ಲಿ ಹೀರೆ ಬೀಜ ಊರುವುದಿದ್ದರೂ "ಮಾಳಮ್ಮನ ಕರೀರಿ, ಅಕಿ ಕೈಗುಣ ಚಲೋ ಅದ" ಎನ್ನುತ್ತಿದ್ದರು. ಆಕೆಗೆ ಬೇರೆ ಆಸ್ತಿ ಏನೂ ಇರಲಿಲ್ಲ. ಇದ್ದದ್ದು ಆ ಕೈ.

ನಾನು ಹೋದಾಗ ಆಕೆ ಮನೆ ಬಿಚ್ಚಿ ಹೊಸದಾಗಿ ಕಟ್ಟಿಸುವ ಗಡಿಬಿಡಿಯಲ್ಲಿದ್ದಳು. ಮಾಳಿಗೆಯ ಜಂತಿಗಳು ಅಂಗಳದಲ್ಲಿ ಬಿದ್ದಿದ್ದವು. ಬೀಜದ ಗಡಿಗೆಯನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದಳು, ಬಾಯಿಗೆ ಸಗಣಿ ಮೆತ್ತಿ. ಬೀಜ ಬೇಕು ಎಂದೆ. ಸಂತೋಷದಿಂದ ಒಪ್ಪಿದಳು.

"ಅರ್ಧ ನಿನಗ, ಅರ್ಧ ಮನಿಗೆ. ಬೀಜದ ಗಡಗಿ ಬರಿದ ಮಾಡಬಾರದು ಯಪ್ಪಾ," ಅಂದಳು.

ಅರ್ಧ ನನಗೆ ಬೇಕಾದಷ್ಟಾಗಿತ್ತು. ನಿಜ ಹೇಳಬೇಕೆಂದರೆ ಎರಡು ಬೊಗಸೆ ಸಾಕಾಗಿತ್ತು. ಆದರೆ ನನ್ನ ತಲೆಯಲ್ಲಿ ಮೇಲಿನವರ ಪ್ರಶ್ನೆ ಕೊರೆಯುತ್ತಿತ್ತು. ಒಂದು ಇಡೀ ಊರಿನ ತಳಿ, ಬೇರೆಲ್ಲೂ ಇಲ್ಲದ್ದು, ಪೂರ್ತಿ ನಮ್ಮಲ್ಲೇ ಇದೆ ಎಂದು ಹೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಆಗ ನನ್ನ ಬಾಯಿಂದ ಆ ಮಾತು ಬಂತು.

"ಮನಿ ಬಿಚ್ಚೀರಿ, ಕೊಟಗ್ಯಾಗ ಇಲಿ ಹೆಗ್ಗಣ ಸುಮ್ಮನ ಬಿಡ್ತಾವೇನು ಯವ್ವಾ? ಎಲ್ಲಾ ಕೊಡು. ನಮ್ಮಲ್ಲಿ ಒಂದು ಯಂತ್ರ ಅದ. ಅದರಾಗ ಇಟ್ಟರ ನೂರು ವರ್ಷ ಬೀಜಕ್ಕ ಏನೂ ಆಗಂಗಿಲ್ಲ."

"ನೂರು ವರ್ಷ? ನಾ ಸತ್ತ ಮ್ಯಾಲೂ?"

"ನೀ ಸತ್ತ ಮ್ಯಾಲೂ, ನಾ ಸತ್ತ ಮ್ಯಾಲೂ."

ಮಾಳಮ್ಮ ಬಾಯಿ ಮೇಲೆ ಸೆರಗು ಇಟ್ಟುಕೊಂಡು ನಕ್ಕಳು. "ಹಂಗಾರ ಅದು ಯಂತ್ರ ಅಲ್ಲ ಬಿಡು, ದೇವರು," ಅಂದಳು. ಆಮೇಲೆ ಗಡಿಗೆಯನ್ನು ತಲೆಕೆಳಗು ಮಾಡಿ ಕೊನೆಯ ಕಾಳಿನವರೆಗೂ ಒಂದು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಹಾಕಿ ಗಂಟು ಕಟ್ಟಿದಳು. "ಬಿತ್ತೋ ಹೊತ್ತಿಗೆ ಬರ್ತೀನಿ, ಬ್ಯಾಸರ ಮಾಡ್ಕೋಬ್ಯಾಡ," ಎಂದು ಬಸ್ಸಿನ ತನಕ ಬಂದು ಗಂಟನ್ನು ನನ್ನ ಮಡಿಲಲ್ಲೇ ಇಟ್ಟು ಹೋದಳು. ಬಸ್ಸಿನಲ್ಲಿ ನನಗೆ ಅಳುಕು ಇರಲಿಲ್ಲ. ಇದನ್ನೂ ಹೇಳಲೇಬೇಕು. ಈ ವರ್ಷ ಯಂತ್ರ ಬಂದೇ ಬರುತ್ತದೆ, ಇಂದಲ್ಲ ನಾಳೆ ನನ್ನ ಮಾತು ನಿಜವಾಗುತ್ತದೆ ಎಂದುಕೊಂಡು ಕಿಟಕಿಯ ಗಾಳಿಗೆ ಮುಖ ಕೊಟ್ಟು ಹಾಡು ಗುನುಗುತ್ತಾ ಬಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಮೂರ್ಖ.

ಯಂತ್ರ ಬರಲಿಲ್ಲ, ಗಂಟು ಫ್ರಿಜ್ಜಿನಲ್ಲೇ ಉಳಿಯಿತು. ಬೇಸಿಗೆ ಬಂತು. ರಾಯಚೂರಿನ ಬೇಸಿಗೆ ಗೊತ್ತಲ್ಲ, ಗೋಡೆ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ತಂಗಿಯ ಮನೆಯ ಮದುವೆಗೆಂದು ನಾನು ಕಲಬುರಗಿಗೆ ಹೋಗಿದ್ದೆ. ಕರೆಂಟು ಹೋಗಿ ಬಂದು, ಹೋಗಿ ಬಂದು, ಫ್ರಿಜ್ಜು ಸುಟ್ಟುಹೋಯಿತು. ಯಾರೂ ನೋಡಲಿಲ್ಲ. ನಾನು ಮರಳಿ ಬಂದು ಬಾಗಿಲು ತೆಗೆದಾಗ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಕರಗಿದ ನೀರೆಲ್ಲ ಗಂಟಿನೊಳಕ್ಕೆ ಇಳಿದಿತ್ತು. ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಹಸಿರು ಬೂಷ್ಟು ಹಿಡಿದಿದ್ದವು.

ತೊಳೆದೆ, ಒಣಗಿಸಿದೆ, ಒದ್ದೆ ಕಾಗದದಲ್ಲಿ ಸಾಲಾಗಿ ಹಾಸಿ ಮೊಳಕೆಗೆ ಇಟ್ಟೆ. ದಿನಾ ಬೆಳಿಗ್ಗೆ ಕಾಗದ ಬಿಚ್ಚಿ ನೋಡುತ್ತಿದ್ದೆ. ಮತ್ತೆ ಬೇರೆ ಕಾಳು ಇಟ್ಟೆ. ಮತ್ತೆ ಬಿಚ್ಚಿ ನೋಡಿದೆ. ಒಂದೂ — ಒಂದೇ ಒಂದೂ —

ಖಾದರ್ ನೋಡಿದ. ಅವನಿಗೆ ವಿವರಿಸುವ ಅಗತ್ಯ ಇರಲಿಲ್ಲ. "ಇವತ್ತೇ ದೇವದುರ್ಗದ ಬಸ್ ಹತ್ತು. ಹೋಗಿ ಹೇಳಿಬಿಡು. ಬೈದರ ಬೈತಾಳ, ಬಡಿದರ ಬಡೀತಾಳ, ಅಷ್ಟ ಅಲಾ?" ಅಂದ. ಅವನ ಮಾತು ಕೇಳಿದ್ದರೆ! ಆದರೆ ಹೋಗಿ ಏನೆಂದು ಹೇಳುವುದು? ಫ್ರಿಜ್ಜು ಕೆಟ್ಟಿತು ಎಂದರೆ ಯಂತ್ರ ಎಲ್ಲಿ ಎಂದು ಕೇಳುತ್ತಾಳೆ. ಯಂತ್ರ ಇರಲೇ ಇಲ್ಲ ಎಂದರೆ — ಬೀಜ ಸತ್ತದ್ದಕ್ಕಿಂತ ನಾನು ಸುಳ್ಳುಗಾರನೆಂದು ಗೊತ್ತಾಗುವುದೇ ನನಗೆ ದೊಡ್ಡದಾಗಿ ಕಂಡಿತು. ಥೂ. ಹೋಗಲಿಲ್ಲ.

ಹಿಂಗಾರಿ ಬಿತ್ತನೆ ಹತ್ತಿರ ಬಂದಾಗ ಮಾನ್ವಿಗೆ ಹೋಗಿ ಸಂತೆಯಲ್ಲಿ ಒಳ್ಳೆಯ ಬಿಳಿಜೋಳ ಆರಿಸಿ ಕೊಂಡೆ. ಕಾಳಿನ ಗಾತ್ರ, ಬಣ್ಣ, ಹೊಳಪು ಎಲ್ಲ ಹೊಂದುವಂತೆ ಅಂಗೈಯಲ್ಲಿ ಹಾಕಿಕೊಂಡು ಒಂದೊಂದು ಅಂಗಡಿಯಲ್ಲಿ ನೋಡಿದೆ. ನಾನು ಕಲಿತ ವಿದ್ಯೆ ಎಲ್ಲ ಅಂದು ಪೂರ್ತಿ ಉಪಯೋಗಕ್ಕೆ ಬಂತು. ಇಳಕಲ್ ಸೀರೆಯ ತುಂಡನ್ನು ಮನೆಯಲ್ಲಿ ನಾನೇ ಒಗೆದು, ಬೂಷ್ಟಿನ ಕಲೆ ಹೋಗುವಂತೆ ಉಜ್ಜಿ, ಬಿಸಿಲಿಗೆ ಹಾಕಿದೆ. ಆಕೆ ಕಟ್ಟಿದ್ದ ರೀತಿಯಲ್ಲೇ ಗಂಟು ಕಟ್ಟಿದೆ.

ಮಾಳಮ್ಮ ಹೇಳಿದ ಮಾತಿನಂತೆ ಬಂದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಬಾಟಲಿಯಲ್ಲಿ ಮಜ್ಜಿಗೆ ತಂದಿದ್ದಳು. ಗಂಟನ್ನು ನೋಡಿದ ಕೂಡಲೇ ಮಗುವನ್ನು ಇಸಿದುಕೊಳ್ಳುವಂತೆ ಎರಡೂ ಕೈ ಚಾಚಿದಳು. ಗಂಟು ಬಿಚ್ಚಿ ಒಳಗೆ ನೋಡುತ್ತಾಳೋ ಏನೋ ಎಂದು ಆಕೆಯ ಬೆರಳುಗಳನ್ನೇ ನೋಡುತ್ತಿದ್ದೆ. ನೋಡಲಿಲ್ಲ. ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ. ನಾನು ಅಷ್ಟು ಚೆನ್ನಾಗಿ ಆರಿಸಿದ್ದೆ.

ಹೊರಡುವ ಮುಂಚೆ ಆಕೆ ಅಂದಳು: "ಯಪ್ಪಾ, ಆ ಯಂತ್ರ ಒಂದೀಟು ತೋರಿಸು. ನನ್ನ ಬೀಜ ಕಾಯ್ದದ, ಕೈ ಮುಗಿದು ಹೋಗ್ತೀನಿ."

ವರಾಂಡದ ಕೊನೆಯಲ್ಲಿ ಒಂದು ಕೋಣೆಗೆ ಯಾವಾಗಲೂ ಬೀಗ ಇರುತ್ತಿತ್ತು. ಅದನ್ನು ತೋರಿಸಿ, "ಒಳಗ ಅದ ಯವ್ವಾ. ಬಾಗಿಲ ತೆಗೆದರ ತಂಪು ಹೋಗಿಬಿಡ್ತದ," ಎಂದೆ.

"ಬ್ಯಾಡ ಬ್ಯಾಡ, ತಂಪು ಹೋಗಬಾರದು," ಎಂದು ಆಕೆ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬೀಗ ಹಾಕಿದ ಬಾಗಿಲಿಗೆ ಕೈಮುಗಿದಳು. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ಖಾದರ್ ತನ್ನ ಕೋಣೆಯ ಬಾಗಿಲಿನಿಂದ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಆಮೇಲೆ ಬಹಳ ದಿನ ನನ್ನ ಜೊತೆ ಚಹಾಕ್ಕೆ ಬರಲಿಲ್ಲ.

ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಬಾ ಎಂದು ಆಕೆ ಕರೆ ಕಳಿಸಿದಳು. ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲಿ ಎಲ್ಲರೂ ಕೂತು ಉಣ್ಣುವ ಹಬ್ಬ ಅದು. ಹೋಗದಿದ್ದರೆ ಅನುಮಾನ ಬಂದೀತು ಎಂದು ಹೋದೆ. ಆ ಹೊತ್ತಿಗೆ ಜೋಳ ಎದೆಮಟ್ಟ ನಿಂತಿತ್ತು. ಊರಿನ ಹೆಂಗಸರು, ಆಕೆಯ ಕೈಯಿಂದ ಆ ವರ್ಷ ಉಡಿಯಲ್ಲಿ ಬೀಜ ಹಾಕಿಸಿಕೊಂಡವರು, ಬಂದಿದ್ದರು. ಊಟದ ನಡುವೆ ಮಾಳಮ್ಮ ಎದ್ದು ಒಂದು ದಂಟು ಮುರಿದು, ಸಿಪ್ಪೆ ಸುಲಿದು, ಬಾಯಲ್ಲಿಟ್ಟು ಅಗಿದಳು. ನಿಂತಳು. ಉಗುಳಿದಳು. ಇನ್ನೊಂದು ಮುರಿದಳು. ಸಾಲು ಬಿಟ್ಟು ಸಾಲು ಹೋಗಿ ಮುರಿಯುತ್ತಾ, ಅಗಿಯುತ್ತಾ, ಉಗುಳುತ್ತಾ ಹೋದಳು. ಕೊನೆಗೆ ಒಬ್ಬ ಹೆಂಗಸು ಅಂದಳು: "ನಮ್ಮ ಹೊಲದಾಗೂ ಹಿಂಗ ಆಗೇದ. ಯಾರರ ಮುಂದ ಹೆಂಗ ಅನ್ನೂದು ಅಂತ ಸುಮ್ಮನಿದ್ದೆ."

ಮಾಳಮ್ಮ ಬೀಜವನ್ನು ಅನುಮಾನಿಸಲಿಲ್ಲ. ನನ್ನನ್ನು ಅನುಮಾನಿಸಲಿಲ್ಲ. ಯಂತ್ರವನ್ನಂತೂ ಅನುಮಾನಿಸುವ ಮಾತೇ ಇಲ್ಲ. ತನ್ನ ಎರಡೂ ಅಂಗೈ ಬಿಚ್ಚಿ ನೋಡಿಕೊಂಡು, "ಗಡಗಿ ಬರಿದ ಮಾಡಿದೆ. ನನ್ನ ಕೈ ಕೆಟ್ಟದ," ಅಂದಳು.

ಆಗ ಹೇಳಬಹುದಿತ್ತು. ರೊಟ್ಟಿ ಬಾಯಲ್ಲಿತ್ತು, ನುಂಗಿ ಹೇಳಬಹುದಿತ್ತು. ನಾನು ಏನು ಹೇಳಿದೆ ಗೊತ್ತೇ? "ಮಣ್ಣಿನ ದೋಷ ಇರಬಹುದು ಯವ್ವಾ, ಪರೀಕ್ಷೆ ಮಾಡಿಸ್ತೀನಿ," ಎಂದು ಬೊಗಸೆ ಮಣ್ಣು ಪೊಟ್ಟಣ ಕಟ್ಟಿಕೊಂಡೆ! ದಾರಿಯಲ್ಲಿ ಅದನ್ನು ಬಸ್ಸಿನ ಕಿಟಕಿಯಿಂದ ಚೆಲ್ಲಿದೆ.

ಮರುವರ್ಷ ಬಿತ್ತನೆಗೆ ಆಕೆಯ ಮನೆಗೆ ಯಾರೂ ಬರಲಿಲ್ಲವಂತೆ. ಕೆಲವರು ಹತ್ತಿ ಹಾಕಿದರು, ಕೆಲವರು ಪೇಟೆಯ ಬೀಜ ತಂದರು. ಹೀರೆ ಬೀಜ ಊರುವುದಕ್ಕೂ ಕರೆಯುವುದು ನಿಂತಿತು. ಆಕೆಯ ಸೊಸೆ ತನ್ನ ಹಿತ್ತಲಲ್ಲಿ ಬದನೆ ಸಸಿ ಇಡುವಾಗ, "ಅತ್ತೀ, ನೀ ಒಳಗ ಇರು," ಎಂದಳಂತೆ. ಇದನ್ನೆಲ್ಲ ನನಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಆ ಊರಿನವನೊಬ್ಬ ಹೇಳಿದ. ಬೈದು ಹೇಳಲಿಲ್ಲ, ಸುದ್ದಿ ಎಂದು ಹೇಳಿದ. ನಾನು ಆ ಕಡೆಗೆ ಹೋಗುವುದನ್ನೇ ಬಿಟ್ಟೆ. ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ಯಂತ್ರ ಬೇಕೆಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ನಮ್ಮಲ್ಲಿ ಏನೇನಿದೆ ಎಂದು ಹೇಳುವಾಗ ಸತ್ತ ಬೆಲ್ಲದಂಟನ್ನೂ ಬದುಕಿರುವುದರ ಜೊತೆ ಸೇರಿಸುತ್ತಲೇ ಬಂದೆ.

ವರ್ಷಗಳು ಹೋದವು. ಈ ಸಲ ಯಂತ್ರ ಬಂತು.

ಲಾರಿಯಿಂದ ಇಳಿಸಿದಾಗ ನಮ್ಮ ಆಫೀಸಿನ ಹುಡುಗಿಯರು ಆರತಿ ಮಾಡಿದರು, ಕುಂಕುಮ ಹಚ್ಚಿದರು, ನಿಂಬೆಹಣ್ಣು ಕೊಯ್ದರು. ಗೋಡೆಯ ಮೇಲಿನ ಚಿತ್ರಕ್ಕಿಂತ ಚೆಂದವೇ ಇತ್ತು. ಅದರ ಗುಂಯ್ ಎಂಬ ಸದ್ದು ಕೇಳುತ್ತಾ ಎಲ್ಲರೂ ಕೈ ತಟ್ಟಿದರು. ಇಷ್ಟು ವರ್ಷ ಹೋರಾಡಿದವರು ಎರಡು ಮಾತಾಡಬೇಕು ಎಂದು ನನ್ನನ್ನು ಮುಂದೆ ತಂದು ನಿಲ್ಲಿಸಿದರು. ನಾನು ಬಾಗಿಲು ತೆಗೆದೆ. ತಂಪು ಮುಖಕ್ಕೆ ಬಂತು. ಒಳಗೆ ಖಾಲಿ ಹಲಗೆಗಳು. "ಬಾಗಿಲ ತೆಗೆದರ ತಂಪು ಹೋಗಿಬಿಡ್ತದ" — ನನ್ನದೇ ಮಾತು ನನ್ನ ಕಿವಿಗೆ ಬಂತು. ಎರಡು ಮಾತು ಆಡಲಾಗಲಿಲ್ಲ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸಂತೋಷಕ್ಕೆ ಗಂಟಲು ಕಟ್ಟಿದೆ ಎಂದು ಜನ ತಿಳಿದರು. ಖಾದರ್ ಮಾತ್ರ ನನ್ನ ಭುಜ ಹಿಡಿದು ಹೊರಗೆ ತಂದು, "ಈಗರ ಹೋಗು," ಅಂದ.

ಹೋದೆ.

ಮಾಳಮ್ಮ ಬಹಳ ಮುದುಕಿಯಾಗಿದ್ದಳು. ಹೊಸದು ಎಂದು ಕಟ್ಟಿದ ಮನೆಯೂ ಹಳೆಯದಾಗಿತ್ತು. ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ಗುರುತು ಹಿಡಿದು, "ಎಷ್ಟು ದಿನಾತೋ ಯಪ್ಪಾ, ಸೊರಗೀದಿ," ಎಂದು ಚಾಪೆ ಹಾಕಿದಳು. ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಕುಡಿದರೆ ಮಾತು ಹಿಂದಕ್ಕೆ ಹೋಗುತ್ತದೆ. ನಿಂತೇ ಎಲ್ಲ ಹೇಳಿದೆ. ಯಂತ್ರ ಇರಲಿಲ್ಲ ಎಂದೆ. ಫ್ರಿಜ್ಜು ಎಂದೆ. ಮಾನ್ವಿಯ ಜೋಳ ಎಂದೆ. ನಿನ್ನ ಕೈ ಕೆಟ್ಟಿರಲಿಲ್ಲ ಯವ್ವಾ ಎಂದೆ.

ಆಕೆ ಸೊಪ್ಪನ್ನು ಕೆಳಗಿಟ್ಟಳು. ಅಳುತ್ತಾಳೆ, ಶಾಪ ಹಾಕುತ್ತಾಳೆ, ಏನಾದರೂ ಎತ್ತಿ ಬಡಿಯುತ್ತಾಳೆ ಎಂದುಕೊಂಡಿದ್ದೆ. ಹಾಗಾಗಲೆಂದು ಬಯಸಿಯೂ ಇದ್ದೆ. ಆಕೆ ಕೇಳಿದ್ದು ಇಷ್ಟು:

"ಒಂದೂ ಮೊಳೀಲಿಲ್ಲೇನು?"

"ಇಲ್ಲ ಯವ್ವಾ."

"ಆವಾಗ ಅಂದಿದ್ದರ ಮಲ್ಲಟಕ್ಕ ಓಡಿ ಹೋಗ್ತಿದ್ನೆಲ್ಲೋ."

ನನಗೆ ಅರ್ಥವಾಗಲಿಲ್ಲ. ಮಲ್ಲಟ ಮಾನ್ವಿ ತಾಲೂಕಿನ ಊರು. ಅಲ್ಲೇನಿದೆ?

"ನನ್ನ ಮಗಳನ್ನ ಮಲ್ಲಟಕ್ಕ ಕೊಟ್ಟೀನಿ. ಲಗ್ನದಾಗ ಅಕಿ ಉಡಿ ತುಂಬಿದ್ದು ಇದೇ ಬೀಜದಿಂದ. ಬೀಜದ ಮನಿ ಹೆಣ್ಣು ಬರೇ ಉಡೀಲೆ ಹೋಗಬಾರದು ಅಂತ. ಆವಾಗ ಅಕಿ ಇನ್ನೂ ಬಿತ್ತಾಕತ್ತಿದ್ಲು, ಸಣ್ಣ ಹೊಲದಾಗ. ಬೀಜ ಸತ್ತದ ಅಂತ ಒಂದು ಮಾತು ಅಂದಿದ್ದರ ತರ್ತಿದ್ನಿ. ನಾ ಏನು ತಿಳಿದೆ? ಬೀಜ ಅದೇ ಅದ, ಕೈ ಕೆಟ್ಟದ. ನನ್ನ ಕೈಲೆ ತಂದರ ಅಕಿ ಬೀಜಾನೂ ಕೆಡ್ತದ ಅಂತ ಹೆದರಿ, ಮಲ್ಲಟದ ಹೊಲಕ್ಕ ಕಾಲ ಇಡಲಿಲ್ಲ."

ಓದುವವರೇ, ಇಲ್ಲಿಯವರೆಗೆ ನಾನು ಒಂದು ನಂಬಿಕೆಯಲ್ಲಿ ಬದುಕಿದ್ದೆ: ಬೀಜವನ್ನು ಕೊಂದದ್ದು ಇಲ್ಲದ ಯಂತ್ರ, ಹೋದ ಕರೆಂಟು, ಹಳೆಯ ಫ್ರಿಜ್ಜು. ನನ್ನ ಪಾಲಿಗೆ ಉಳಿದದ್ದು ಸುಳ್ಳು ಮಾತ್ರ ಎಂದು. ಹಾಗಲ್ಲ. ಫ್ರಿಜ್ಜು ಕೆಟ್ಟ ದಿನ ಬೆಲ್ಲದಂಟು ಮಲ್ಲಟದ ಒಂದು ಸಣ್ಣ ಹೊಲದಲ್ಲಿ ಬದುಕಿತ್ತು. ನಾನು ಬಸ್ಸು ಹತ್ತಿ ಬಂದು ನಿಜ ಹೇಳಿದ್ದರೆ ಇವತ್ತಿಗೂ ಬದುಕಿರುತ್ತಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಅಲ್ಲಿಂದ ನೇರ ಮಲ್ಲಟಕ್ಕೆ ಹೋದೆ. ಮಾಳಮ್ಮನ ಮಗಳು ಹೊಲ ತೋರಿಸಿದಳು. ಕಣ್ಣು ಹಾಯುವವರೆಗೂ ಭತ್ತ, ಗದ್ದೆಯಲ್ಲಿ ನೀರು. "ಕಾಲುವಿ ನೀರು ಬಂದ ಮ್ಯಾಲ ಎಲ್ಲಿ ಜೋಳರೀ? ಎಲ್ಲಾ ನೆಲ್ಲು. ಅವ್ವನೂ ಕೇಳಲಿಲ್ಲ, ನಾವೂ ಇಡಲಿಲ್ಲ. ಕಡೀಕಿದ್ದದ್ದು ಬೀಸಿ ರೊಟ್ಟಿ ಮಾಡಿ ತಿಂದೇವಿ," ಅಂದಳು. ಬದುವಿನ ಮೇಲೆ ಎಲ್ಲಾದರೂ ಬಿದ್ದು ಹುಟ್ಟಿದ ಒಂದು ದಂಟು ಇದ್ದೀತೇ ಎಂದು ಸಂಜೆಯವರೆಗೆ ಹುಡುಕಿದೆ. ಆಕೆ ಪಾಪ, ನನ್ನ ಹಿಂದೆ ಹಿಂದೆ ಬಂದಳು.

ಬೀಜ ಬರುವುದಿಲ್ಲ, ಮರ್ಯಾದೆಯಾದರೂ ಮರಳಲಿ ಎಂದು ಮತ್ತೊಂದು ದಿನ ಮಾಳಮ್ಮನ ಊರಿಗೆ ಹೋದೆ. ಬೇವಿನ ಮರದ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಹೆಂಗಸರೂ ಬಂದು ನಿಂತರು. ನಡೆದದ್ದನ್ನೆಲ್ಲ ಹೇಳಿ ಕೈಮುಗಿದೆ. ಆಮೇಲೆ ಹನುಮಂತಪ್ಪ ಎಂಬ ಹಿರಿಯರು ನನ್ನ ಕೈ ಹಿಡಿದರು.

"ಸರ್, ನಿಮ್ಮ ಮನಸು ದೊಡ್ಡದು ಬಿಡ್ರಿ. ಮುದುಕಿ ಮರ್ಯಾದಿ ಉಳಿಸಾಕ ತಪ್ಪು ನಿಮ್ಮ ತಲಿಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಇಲ್ಲರೀ, ಖರೇನ ಹೇಳಾಕತ್ತೀನಿ! ಯಂತ್ರ ಇರಲಿಲ್ಲ!"

ಒಬ್ಬ ಹೆಂಗಸು ನಕ್ಕಳು. "ಅಷ್ಟು ದೊಡ್ಡ ಆಫೀಸಿನಾಗ ಯಂತ್ರ ಇಲ್ಲದಂಗ ಇರ್ತದೇನ್ರೀ?"

ಗಾಬರಿಯಲ್ಲಿ ಮೊಬೈಲ್ ತೆಗೆದೆ. ಹೊಸ ಯಂತ್ರದ ಫೋಟೋ ತೋರಿಸಿ, ಇದು ಈಗ ಬಂದದ್ದು, ಆಗ ಇರಲಿಲ್ಲ ಎಂದು ವಿವರಿಸಹೊರಟೆ. ಮೊಬೈಲು ಕೈಯಿಂದ ಕೈಗೆ ಹೋಯಿತು. "ನೋಡ್ರಿ, ಅದ ಅಲಾ!" ಎಂದರು. ನಾನು ಕೂಗಾಡಿದೆ. ಜನ ಇನ್ನೂ ಮರುಗಿದರು. ಯಾರೋ ನೀರು ತಂದುಕೊಟ್ಟರು. ಅವತ್ತು ನನ್ನ ಸುಳ್ಳಿಗೆ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಇವತ್ತು ನಿಜ ಹೇಳಿದರೆ ಇಡೀ ಊರೇ ನನ್ನನ್ನು ಸಮಾಧಾನ ಮಾಡುತ್ತಿತ್ತು. ಏನು ಮಾಡಲಿ? ಇನ್ನು ಯಾವ ಬಾಯಿಂದ ಹೇಳಲಿ?

ಅದಕ್ಕೇ ಬರೆಯುತ್ತಿದ್ದೇನೆ. ಆ ಊರಿನ ಓದು ಬಂದವರು ಯಾರಿಗಾದರೂ ಇದು ಸಿಕ್ಕರೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿರಿ. ನನ್ನ ಮನಸ್ಸು ದೊಡ್ಡದಲ್ಲ. ಹಿತ್ತಲಲ್ಲಿ ಏನಾದರೂ ಊರುವುದಿದ್ದರೆ ಮಾಳಮ್ಮನನ್ನು ಕರೆಯಿರಿ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುತ್ತಲೂ ಇಲ್ಲ. ಈಗ ಯಾರೇ ಬೀಜ ತಂದರೂ ನಾನು ಮೊದಲು ಬಾಗಿಲು ತೆಗೆದು ಯಂತ್ರ ತೋರಿಸುತ್ತೇನೆ, ಆಮೇಲೆ ಅರ್ಧವನ್ನು ಅವರ ಕೈಗೇ ವಾಪಸು ಕೊಡುತ್ತೇನೆ. ಅದರಿಂದ ಮಾಳಮ್ಮನಿಗೆ ಏನೂ ಆಗುವುದಿಲ್ಲ ಎಂದೂ ಗೊತ್ತು.

ಒಂದು ಮಾತು ಉಳಿದಿದೆ. ಹೇಳದೆ ಮುಗಿಸೋಣ ಎಂದುಕೊಂಡಿದ್ದೆ.

ಕಟ್ಟೆಯಿಂದ ಎದ್ದು ಬಂದ ದಿನ ಮಾಳಮ್ಮ ಕೋಲೂರಿಕೊಂಡು ಬಸ್ಸಿನ ತನಕ ನನ್ನ ಜೊತೆ ಬಂದಳು. ಊರು ನಂಬಲಿಲ್ಲ ಎಂದು ಆಕೆಗೂ ಗೊತ್ತಿತ್ತು, ಆ ವಿಷಯ ಎತ್ತಲಿಲ್ಲ. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಕೇಳಿದಳು:

"ಅವತ್ತು ನಾ ಚಪ್ಪಲಿ ಬಿಟ್ಟು ಕೈ ಮುಗಿದ್ನೆಲ್ಲಾ ಯಪ್ಪಾ, ಆ ಬಾಗಿಲದ ಹಿಂದ ಏನಿತ್ತು?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂತು. ನುಂಗಿದೆ.

"ಮುರುಕು ಕುರ್ಚಿ ಇದ್ವು ಯವ್ವಾ."

ಆಕೆ ಕೋಲು ಎತ್ತಿ ಬಸ್ಸಿಗೆ ಕೈ ಮಾಡಿ, "ಬಸ್ ಬಂತು, ಹತ್ತು," ಅಂದಳು.